ಜಾಹೀರಾತುಪೂರ್ವ ಮನೆ ಖರೀದಿ

ಜಾಹೀರಾತುಪೂರ್ವ ಮನೆ ಖರೀದಿ ಎಂದರೆ ಮಾರಾಟಕ್ಕಿರುವ ಮನೆಯ ವಿಷಯವು ಪತ್ರಿಕೆ, ಫಲಕ, ಅಂತರಜಾಲ ತಾಣ ಮೊದಲಾದ ಸಾರ್ವಜನಿಕ ಮಾಧ್ಯಮಗಳಲ್ಲಿ ಪ್ರಕಟವಾಗುವ ಮೊದಲೇ ಅದನ್ನು ಪತ್ತೆಹಚ್ಚಿ, ಒಡೆಯರೊಡನೆ ನೇರವಾಗಿ ಮಾತುಕತೆ ನಡೆಸಿ ಕೊಳ್ಳುವ ಕ್ರಮ. ಭಾರತದಲ್ಲಿ ಖಾಸಗಿ ವ್ಯಕ್ತಿಯೊಬ್ಬನು ತನ್ನ ಸ್ವಂತ ಮನೆಯನ್ನು ಮಾರುವ ಮೊದಲು ಜಾಹೀರಾತು ನೀಡಲೇಬೇಕೆಂಬ ಕಾನೂನು ಇಲ್ಲ. ಆದ್ದರಿಂದ ಈ ಬಗೆಯ ಕ್ರಯವು ಕಾನೂನುಬದ್ಧವಾಗಿದೆ. ನ್ಯಾಯಾಲಯದ ಹರಾಜು ಮತ್ತು ಸಾಲ ವಸೂಲಿಗಾಗಿ ಬ್ಯಾಂಕುಗಳು ನಡೆಸುವ ಹರಾಜುಗಳಂತಹ ಮಾರಾಟಗಳಿಗೆ ಸಾರ್ವಜನಿಕ ಪ್ರಕಟಣೆಯ ನಿಯಮಗಳಿವೆ.

ಜಾಹೀರಾತು ಎರಡು ಕೆಲಸಗಳನ್ನು ಮಾಡುತ್ತದೆ. ಹಲವು ಗಿರಾಕಿಗಳನ್ನು ಕರೆತಂದು ಮನೆಯ ನಿಜವಾದ ಬೆಲೆಯನ್ನು ಹೊರಗೆಡಹುವುದು ಮೊದಲನೆಯದು. ಆ ಮನೆಯಲ್ಲಿ ಹಕ್ಕುಳ್ಳವರ ಕಿವಿಗೆ ಮಾರಾಟದ ಸುದ್ದಿಯನ್ನು ಮುಟ್ಟಿಸುವುದು ಎರಡನೆಯದು. ಜಾಹೀರಾತಿಲ್ಲದ ಖರೀದಿಯಲ್ಲಿ ಈ ಎರಡು ಕೆಲಸಗಳೂ ಕೊಳ್ಳುವವನ ಹೆಗಲಿಗೆ ಬೀಳುತ್ತವೆ. ಪೈಪೋಟಿಯಿಲ್ಲದೆ ಮನೆ ದೊರೆಯುವುದು ಇದರ ಲಾಭವಾದರೆ, ಆ ಹೊಣೆಯನ್ನು ಅಲಕ್ಷಿಸಿದಾಗ ಎದುರಾಗುವ ವ್ಯಾಜ್ಯ ಇದರ ಅಪಾಯ.

ಹಿನ್ನೆಲೆ

ಮನೆ ಹಾಗೂ ಭೂಮಿಯ ಮಾರಾಟವು ಬಾಯಿಮಾತಿನಿಂದ ಆರಂಭವಾಗುವುದು ಹಳೆಯ ರೂಢಿ. ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಮಾರುವವನು ಮೊದಲು ದಾಯಾದಿಗಳಿಗೆ, ಅನಂತರ ಅಕ್ಕಪಕ್ಕದವರಿಗೆ, ಅವರು ಬೇಡವೆಂದರೆ ಪರರಿಗೆ ತಿಳಿಸುತ್ತಿದ್ದನು. ಆಗ ಜಾಹೀರಾತು ಇರಲಿಲ್ಲವಾದರೂ ವ್ಯವಹಾರ ಗುಟ್ಟಾಗಿರುತ್ತಿರಲಿಲ್ಲ. ಕನ್ನಡದ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನೂ ಸಾಕ್ಷಿಗಳನ್ನೂ ನಮೂದಿಸಿರುವುದು ಕಂಡುಬರುತ್ತದೆ. ಇಂದಿನ ಕ್ರಯಪತ್ರಗಳಲ್ಲಿಯೂ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದ ಗಡಿಗಳನ್ನು ತಿಳಿಸುವ 'ಚಕ್ಕುಬಂದಿ' ಭಾಗವಿರುತ್ತದೆ. ಇದರಲ್ಲಿ ನೆರೆಯವರ ಸ್ವತ್ತುಗಳ ಉಲ್ಲೇಖ ಬರುವುದರಿಂದ ನೆರೆಹೊರೆಯೇ ಒಂದು ಬಗೆಯ ಸಾಕ್ಷಿಯಾಗಿತ್ತು.

ನಗರಗಳು ಬೆಳೆದಂತೆ ಈ ಸ್ಥಾನವನ್ನು ದಿನಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳೂ, ದಲ್ಲಾಳಿಗಳೂ, ಇತ್ತೀಚೆಗೆ ಅಂತರಜಾಲ ತಾಣಗಳೂ ಆಕ್ರಮಿಸಿದವು. ಆದರೂ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂನಂತಹ ಹಳೆಯ ಬಡಾವಣೆಗಳಲ್ಲಿ, ಹಾಗೆಯೇ ಮೈಸೂರು, ಧಾರವಾಡಗಳಂತಹ ಊರುಗಳಲ್ಲಿ ಪರಿಚಿತರ ನಡುವೆಯೇ ಕೈಬದಲಾಗುವ ಮನೆಗಳು ಇಂದಿಗೂ ಇವೆ.

ಮಾರುವವರು ಮೌನವಾಗಿರಲು ಕಾರಣಗಳು

ಒಡೆಯರು ಜಾಹೀರಾತು ನೀಡದಿರಲು ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಹೀಗಿವೆ:

- ಮನೆ ಮಾರುವುದನ್ನು ಹಣದ ಅಡಚಣೆಯ ಗುರುತೆಂದು ಜನರು ಭಾವಿಸುವರೆಂಬ ಸಂಕೋಚ.
- ಒಂಟಿಯಾಗಿರುವ ವೃದ್ಧರಿಗೆ ಅಪರಿಚಿತರು ಮನೆಯೊಳಗೆ ಬಂದು ನೋಡಿಹೋಗುವುದರ ಬಗೆಗಿನ ಅಂಜಿಕೆ.
- ಮಕ್ಕಳು ಪರಊರು ಅಥವಾ ಪರದೇಶದಲ್ಲಿ ನೆಲೆಸಿದ್ದು, ಗುರುತಿರುವವರಿಗೇ ಮನೆ ಕೊಡಬೇಕೆಂಬ ಆಸೆ.
- ದಲ್ಲಾಳಿಗಳ ಕಾಟ ಮತ್ತು ಕಮಿಷನ್ ತಪ್ಪಿಸುವ ಉದ್ದೇಶ.
- ಬಾಡಿಗೆದಾರರು, ನೆಂಟರು ಅಥವಾ ಪಾಲುದಾರರಿಗೆ ವಿಷಯ ತಿಳಿಯಬಾರದೆಂಬ ಇಚ್ಛೆ.

ಇವುಗಳಲ್ಲಿ ಮೊದಲ ನಾಲ್ಕು ಸಹಜವಾದವು. ಕೊನೆಯದು ಎಚ್ಚರಿಕೆಯ ಸೂಚನೆ. ಮೌನದ ಕಾರಣವನ್ನು ಅರಿಯುವುದು ಈ ಬಗೆಯ ಖರೀದಿಯ ಮೊದಲ ಹಂತವೆನ್ನಬಹುದು.

ಮನೆಯನ್ನು ಪತ್ತೆಹಚ್ಚುವ ಬಗೆ

ಒಂದು ನಿರ್ದಿಷ್ಟ ಬಡಾವಣೆಯನ್ನು ಆಯ್ದುಕೊಂಡು ಅಲ್ಲಿಯ ಜನರ ಪರಿಚಯ ಬೆಳೆಸುವುದು ಪ್ರಮುಖ ವಿಧಾನ. ಕಿರಾಣಿ ಅಂಗಡಿಯವರು, ಇಸ್ತ್ರಿ ಮಾಡುವವರು, ಹಾಲು ಹಾಕುವವರು, ಕಾವಲುಗಾರರು, ದೇವಸ್ಥಾನದ ಅರ್ಚಕರು, ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳು, ಇವರೆಲ್ಲರಿಗೆ ಯಾವ ಮನೆ ಬಹುಕಾಲದಿಂದ ಬೀಗ ಹಾಕಿದೆ, ಯಾರು ಊರು ಬಿಡಲಿದ್ದಾರೆ ಎಂಬ ಅರಿವಿರುತ್ತದೆ. ಕ್ರಯಪತ್ರ ಬರೆಯುವ ಪತ್ರಬರಹಗಾರರು, ಸಿವಿಲ್ ವಕೀಲರು, ಮನೆ ದುರಸ್ತಿಯ ಮೇಸ್ತ್ರಿಗಳು ಕೂಡ ಇಂತಹ ಸುದ್ದಿಯ ಮೂಲಗಳಾಗಿದ್ದಾರೆ.

ವಾಸವಿರುವ ಬಾಡಿಗೆದಾರನೇ ಮನೆಯನ್ನು ಕೊಳ್ಳುವುದು ಇನ್ನೊಂದು ಸಾಮಾನ್ಯ ಸಂದರ್ಭ. ನೀರಿನ ಸೌಕರ್ಯ, ಮಳೆಗಾಲದ ಸೋರಿಕೆ, ನೆರೆಯವರ ಸ್ವಭಾವ ಮೊದಲಾದವು ಅವನಿಗೆ ಮೊದಲೇ ತಿಳಿದಿರುತ್ತವೆ. ಮಗ್ಗುಲಿನ ಮನೆಯವರು ತಮ್ಮ ನಿವೇಶನವನ್ನು ವಿಸ್ತರಿಸಲು ಕೊಳ್ಳುವುದೂ ಉಂಟು. ನೆರೆಯವರಿಗೆ ಮೊದಲು ತಿಳಿಸುವುದು ಲೋಕರೂಢಿಯೇ ಹೊರತು ಅವರ ಹಕ್ಕಲ್ಲ. ನೆರೆಹೊರೆತನವೊಂದನ್ನೇ ಆಧಾರವಾಗಿಟ್ಟ ಪೂರ್ವಕ್ರಯದ ಹಕ್ಕು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಭಾವು ರಾಮ್ ಮತ್ತು ಬೈಜ್ ನಾಥ್ ಪ್ರಕರಣದಲ್ಲಿ ತೀರ್ಪು ನೀಡಿತು.

ಮಾರುವ ಸುದ್ದಿಯೇ ಇಲ್ಲದ ಮನೆಯ ಒಡೆಯರಿಗೆ ಪತ್ರ ಬರೆದು ವಿಚಾರಿಸುವ ಪದ್ಧತಿಯೂ ಇದೆ. ಬೇಡವೆಂದವರನ್ನು ಮತ್ತೆ ಮತ್ತೆ ಒತ್ತಾಯಿಸುವುದು ಅನುಚಿತವಷ್ಟೇ ಅಲ್ಲ, ಮುಂದೆ ಕ್ರಯದ ಸಿಂಧುತ್ವವನ್ನೂ ಪ್ರಶ್ನೆಗೆ ಒಳಪಡಿಸಬಹುದು.

ಬೆಲೆಯ ನಿರ್ಧಾರ

ಇತರ ಗಿರಾಕಿಗಳಿಲ್ಲದಿರುವುದರಿಂದ ಬೆಲೆ ಸರಿಯೋ ತಪ್ಪೋ ಎಂಬುದನ್ನು ಬೇರೆ ಆಧಾರಗಳಿಂದ ತಿಳಿಯಬೇಕಾಗುತ್ತದೆ. ಕರ್ನಾಟಕ ಸರ್ಕಾರವು ಪ್ರದೇಶವಾರು ನಿಗದಿಪಡಿಸುವ ಮಾರ್ಗಸೂಚಿ ಮೌಲ್ಯ ಒಂದು ಆಧಾರ. ಆದರೆ ಅದು ಮುದ್ರಾಂಕ ಶುಲ್ಕವನ್ನು ಲೆಕ್ಕಹಾಕಲು ಏರ್ಪಟ್ಟದ್ದು. ಪೇಟೆಯ ಬೆಲೆ ಅದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಅದೇ ರಸ್ತೆಯಲ್ಲಿ ಇತ್ತೀಚೆಗೆ ನೋಂದಣಿಯಾದ ಕ್ರಯಪತ್ರಗಳು ಎರಡನೆಯ ಆಧಾರ. ಸ್ಥಿರಾಸ್ತಿಯ ದಸ್ತಾವೇಜುಗಳನ್ನು ದಾಖಲಿಸುವ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಿ ನಕಲು ಪಡೆಯಲು 1908ರ ನೋಂದಣಿ ಅಧಿನಿಯಮದ 57ನೆಯ ಕಲಮು ಅವಕಾಶ ನೀಡುತ್ತದೆ. ಬ್ಯಾಂಕಿನ ಮೌಲ್ಯಮಾಪಕರ ವರದಿ ಮೂರನೆಯ ಆಧಾರ.

ಹಳೆಯ ಮನೆಯ ಬೆಲೆಯಲ್ಲಿ ನಿವೇಶನದ ಪಾಲು ದೊಡ್ಡದು. ಒಂದು ಕಾಲ್ಪನಿಕ ಉದಾಹರಣೆ: 30×40 ಅಡಿ, ಅಂದರೆ 1,200 ಚದರ ಅಡಿಯ ನಿವೇಶನಕ್ಕೆ ಚದರ ಅಡಿಗೆ 6,000 ರೂಪಾಯಿಯಂತೆ 72 ಲಕ್ಷ ರೂಪಾಯಿ ಆಗುತ್ತದೆ. ಅದರಲ್ಲಿರುವ 10 ಚದರದ (1,000 ಚದರ ಅಡಿಯ) ಹಳೆಯ ಕಟ್ಟಡಕ್ಕೆ ಚದರ ಅಡಿಗೆ 800 ರೂಪಾಯಿಯಂತೆ 8 ಲಕ್ಷ ಸೇರಿದರೆ ಒಟ್ಟು 80 ಲಕ್ಷ. ದಲ್ಲಾಳಿಗೆ ಕೊಡಬೇಕಾಗಿದ್ದ ಶೇ. 1ರ ಕಮಿಷನ್ ಉಳಿದರೆ ದೊರೆಯುವ ಲಾಭ 80,000 ರೂಪಾಯಿ. ಆದರೆ ನಿವೇಶನದ ದರವನ್ನು ಚದರ ಅಡಿಗೆ ಕೇವಲ 200 ರೂಪಾಯಿ ತಪ್ಪಾಗಿ ಅಂದಾಜಿಸಿದರೂ ಆಗುವ ನಷ್ಟ 2.4 ಲಕ್ಷ. ಕಮಿಷನ್ ಉಳಿಯಿತೆಂಬ ಸಮಾಧಾನವು ಬೆಲೆಯ ವಿಚಾರಣೆಗೆ ಬದಲಿಯಾಗುವುದಿಲ್ಲ.

ಬೆಲೆಯ ಅಜ್ಞಾನದಿಂದ ಮಾರುವವರಿಗೂ ನಷ್ಟವಾಗಬಹುದು. ಮೂವತ್ತು ವರ್ಷ ಮನೆಯಲ್ಲೇ ಇದ್ದ ವೃದ್ಧರಿಗೆ ಇಂದಿನ ದರ ತಿಳಿಯದಿರುವುದು ಅಸಹಜವಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಬೆಲೆ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು. ಆದರೆ ಒಪ್ಪಿಗೆಯು ಮುಕ್ತವಾಗಿತ್ತೇ ಎಂಬುದನ್ನು ತೀರ್ಮಾನಿಸುವಾಗ ನ್ಯಾಯಾಲಯವು ಕಡಿಮೆ ಬೆಲೆಯನ್ನು ಗಣನೆಗೆ ತೆಗೆದುಕೊಳ್ಳಬಹುದು. ಮಾರುವವರ ಮುಪ್ಪು, ಕಾಯಿಲೆ ಅಥವಾ ಅವಲಂಬನೆಯನ್ನು ಬಳಸಿಕೊಂಡು ಪಡೆದ ಒಪ್ಪಿಗೆ 'ಅನುಚಿತ ಪ್ರಭಾವ'ದ ಆರೋಪಕ್ಕೆ ಗುರಿಯಾಗುತ್ತದೆ. ಮಾರುವವರ ಪರವಾಗಿ ಬೇರೆ ವಕೀಲರು ಅಥವಾ ಮಕ್ಕಳು ಮಾತುಕತೆಯಲ್ಲಿ ಹಾಜರಿರುವುದು ಎರಡೂ ಕಡೆಯವರಿಗೆ ರಕ್ಷಣೆ.

ಒಡೆತನದ ಪರಿಶೀಲನೆ

ಒಡೆತನವನ್ನು ಪರಿಶೀಲಿಸುವಾಗ ಸಾಮಾನ್ಯವಾಗಿ ಕನಿಷ್ಠ 30 ವರ್ಷಗಳ ದಾಖಲೆಗಳನ್ನು ನೋಡುವುದು ವಕೀಲರ ರೂಢಿ. ಮುಖ್ಯ ದಾಖಲೆಗಳು ಇವು:

ಮೂಲಪತ್ರಗಳು: ಈಗಿನ ಒಡೆಯರಿಗೆ ಸ್ವತ್ತು ಬಂದ ಬಗೆಯನ್ನು ತೋರಿಸುವ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಅಥವಾ ಉಯಿಲು ಹಾಗೂ ಅವುಗಳ ಹಿಂದಿನ ಪತ್ರಗಳು. ನಕಲುಗಳನ್ನಷ್ಟೇ ತೋರಿಸಿದರೆ ಮೂಲಪತ್ರಗಳು ಎಲ್ಲಿವೆ ಎಂದು ಕೇಳಬೇಕು. ಅವುಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದಿರುವ ಸಾಧ್ಯತೆಯಿದೆ.

ಋಣಭಾರ ಪತ್ರ: ಉಪನೋಂದಣಾಧಿಕಾರಿ ಕಚೇರಿಯಿಂದ ಅಥವಾ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ದೊರೆಯುವ ಈ ಪತ್ರವು, ಕೇಳಿದ ಅವಧಿಯಲ್ಲಿ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ ಮೊದಲಾದವುಗಳನ್ನು ತಿಳಿಸುತ್ತದೆ. ವ್ಯವಹಾರಗಳು ದಾಖಲಾಗಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಇದನ್ನು ನೀಡಲಾಗುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಾರಿಕತ್ತು, ನೋಂದಾಯಿಸದ ಕ್ರಯದ ಕರಾರು ಇದರಲ್ಲಿ ಕಾಣಿಸುವುದಿಲ್ಲ. ಆದುದರಿಂದ ನಮೂನೆ 16 ದೊರೆತ ಮಾತ್ರಕ್ಕೆ ಸ್ವತ್ತು ನಿಷ್ಕಳಂಕವೆಂದು ತಿಳಿಯಲಾಗದು.

ಖಾತಾ ಮತ್ತು ತೆರಿಗೆ ರಸೀದಿ: ಇವು ಸ್ಥಳೀಯ ಸಂಸ್ಥೆಗೆ ತೆರಿಗೆ ಕಟ್ಟುವ ಹೊಣೆ ಯಾರದೆಂಬುದನ್ನು ತೋರಿಸುತ್ತವೆ. ಖಾತಾ ಇದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ.

ಭೂಮಿಯ ಮೂಲ: ನಿವೇಶನವು ಕೃಷಿಭೂಮಿಯಿಂದ ಬಂದಿದ್ದರೆ ಭೂಪರಿವರ್ತನೆಯ ಆದೇಶ ಮತ್ತು ಬಡಾವಣೆಯ ನಕ್ಷೆಗೆ ದೊರೆತ ಅನುಮೋದನೆಯನ್ನು ನೋಡಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ಕರ್ನಾಟಕದ 1978ರ ಅಧಿನಿಯಮವು ನಿಷೇಧಿಸಿದೆ.

ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಅಡಮಾನಗಳನ್ನು ತಿಳಿಯಲು ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿ ಕೋಶದಲ್ಲಿಯೂ ಹುಡುಕಬಹುದು. ಸ್ವತ್ತಿನ ಬಗ್ಗೆ ದಾವೆಯಿದೆಯೇ ಎಂದು ನ್ಯಾಯಾಲಯದಲ್ಲಿ ವಿಚಾರಿಸುವುದು ಅಗತ್ಯ. ದಾವೆ ನಡೆಯುತ್ತಿರುವಾಗ ಕೊಂಡವನು, ಆ ವಿಷಯ ಅವನಿಗೆ ತಿಳಿದಿರದಿದ್ದರೂ, ಅದರ ತೀರ್ಪಿಗೆ ಬದ್ಧನಾಗಬೇಕಾಗುತ್ತದೆ (1882ರ ಸ್ವತ್ತು ವರ್ಗಾವಣೆ ಅಧಿನಿಯಮ, 52ನೆಯ ಕಲಮು).

ಅದೇ ಅಧಿನಿಯಮದ 3ನೆಯ ಕಲಮಿನ ಪ್ರಕಾರ, ಸ್ವತ್ತಿನಲ್ಲಿ ವಾಸ್ತವವಾಗಿ ಸ್ವಾಧೀನದಲ್ಲಿರುವವರ ಹಕ್ಕು ಏನಿದ್ದರೂ ಅದು ಕೊಳ್ಳುವವನಿಗೆ ತಿಳಿದಿತ್ತೆಂದೇ ಭಾವಿಸಲಾಗುತ್ತದೆ. ಹೀಗಾಗಿ ಮನೆಯಲ್ಲಿ ವಾಸವಿರುವವರನ್ನು ಕಂಡು ಮಾತನಾಡದೆ ಕೊಳ್ಳುವುದು ಅಪಾಯಕರ. ಮನೆಯನ್ನು ಭೋಗ್ಯಕ್ಕೆ (ಲೀಸಿಗೆ) ಕೊಟ್ಟಿದ್ದರೆ ಭೋಗ್ಯದಾರನ ದೊಡ್ಡ ಮೊತ್ತವನ್ನು ಯಾರು, ಯಾವಾಗ ಹಿಂದಿರುಗಿಸಬೇಕೆಂಬುದನ್ನು ಕ್ರಯಕ್ಕೆ ಮೊದಲೇ ಬರಹದಲ್ಲಿ ತೀರ್ಮಾನಿಸಬೇಕಾಗುತ್ತದೆ.

ಕುಟುಂಬದವರ ಹಕ್ಕುಗಳು

ಸದ್ದಿಲ್ಲದೆ ನಡೆದ ಕ್ರಯಗಳಲ್ಲಿ ಅನಂತರ ಏಳುವ ತಕರಾರುಗಳಲ್ಲಿ ಪಾಲಿನ ಹಕ್ಕಿಗೆ ಸಂಬಂಧಿಸಿದವು ಮುಖ್ಯವಾದವು. ಹಿಂದೂ ಪುರುಷನು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು ಪಾಲು ಹೊಂದುತ್ತಾರೆ. ಹಿರಿಯ ಮಗನ ಹೆಸರಿಗೆ ಖಾತಾ ಬದಲಾಗಿದ್ದರೂ ಉಳಿದವರ ಪಾಲು ಅಳಿಯುವುದಿಲ್ಲ.

ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಜನ್ಮತಃ ಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ದೇಶದಾದ್ಯಂತ ಈ ಹಕ್ಕನ್ನು ವಿಸ್ತರಿಸಿತು. 2005ರಲ್ಲಿ ತಂದೆ ಬದುಕಿರಬೇಕಿತ್ತೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಯಾಗಿ ಪರಊರಿನಲ್ಲಿರುವ ಮಗಳಿಗೆ ತೌರುಮನೆಯ ಮಾರಾಟ ತಿಳಿಯದೇ ಇರುವುದು ಸಾಧ್ಯ. ಜಾಹೀರಾತಿಲ್ಲದ ಮಾರಾಟದಲ್ಲಿ ಈ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ವಂಶವೃಕ್ಷವನ್ನು ಪಡೆದು, ಹಕ್ಕುಳ್ಳ ಎಲ್ಲರನ್ನೂ ಕ್ರಯಪತ್ರಕ್ಕೆ ಸಹಿ ಮಾಡಿಸುವುದು ಅಥವಾ ಮೊದಲೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆಸುವುದು ರೂಢಿಯಲ್ಲಿದೆ.

ಉತ್ತರಾಧಿಕಾರದಿಂದ ಬಂದ ಮನೆಯಲ್ಲಿ ಒಬ್ಬ ವಾರಸುದಾರನು ತನ್ನ ಪಾಲನ್ನು ಮಾರಲು ಹೊರಟರೆ, ಅದನ್ನು ಕೊಳ್ಳುವ ಆದ್ಯತೆಯ ಹಕ್ಕು ಉಳಿದ ಪ್ರಥಮ ವರ್ಗದ ವಾರಸುದಾರರಿಗೆ ಇದೆ (1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ, 22ನೆಯ ಕಲಮು). ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನಷ್ಟೇ ಕೊಂಡ ಪರಕೀಯನಿಗೆ ಆ ಕುಟುಂಬದೊಡನೆ ಜಂಟಿ ಸ್ವಾಧೀನದ ಹಕ್ಕು ದೊರೆಯುವುದಿಲ್ಲ. ಅಪ್ರಾಪ್ತ ವಯಸ್ಸಿನ ಹಿಂದೂ ಮಗುವಿನ ಹೆಸರಿನಲ್ಲಿರುವ ಮನೆಯನ್ನು ತಂದೆತಾಯಿ ಮಾರಲು ನ್ಯಾಯಾಲಯದ ಅನುಮತಿ ಬೇಕು.

ಸಾರ್ವಜನಿಕ ಪ್ರಕಟಣೆ

ದಾಖಲೆಗಳಲ್ಲಿ ಕಾಣದ ಹಕ್ಕುಗಳನ್ನು ಹೊರತರಲು ಕೊಳ್ಳುವವನ ವಕೀಲರು ದಿನಪತ್ರಿಕೆಗಳಲ್ಲಿ ಪ್ರಕಟಣೆ ನೀಡುವುದುಂಟು. ಸ್ವತ್ತಿನ ವಿವರ ಮತ್ತು ಚಕ್ಕುಬಂದಿಯನ್ನು ತಿಳಿಸಿ, ತಕರಾರುಳ್ಳವರು 7 ಅಥವಾ 15 ದಿನಗಳೊಳಗೆ ದಾಖಲೆಸಹಿತ ತಿಳಿಸಬೇಕೆಂದು ಅದರಲ್ಲಿ ಕೋರಲಾಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳೆರಡರಲ್ಲಿಯೂ ಪ್ರಕಟಿಸುವ ಪದ್ಧತಿ ಇದೆ. ಈ ಗಡುವಿನೊಳಗೆ ಯಾರೂ ಬಾರದಿದ್ದರೆ ಅವರ ಹಕ್ಕು ನಶಿಸುವುದಿಲ್ಲ. ಆದರೆ ಕೊಳ್ಳುವವನು ಸದ್ಭಾವನೆಯಿಂದ, ತಕ್ಕ ಎಚ್ಚರದಿಂದ ನಡೆದನೆಂಬುದಕ್ಕೆ ಇದು ಪುರಾವೆಯಾಗುತ್ತದೆ.

ಜಾಹೀರಾತಿಲ್ಲದೆ ದೊರೆತ ಮನೆಯನ್ನು ಕೊಳ್ಳುವವನೇ ಜಾಹೀರಾತಿಗೆ ಹಾಕುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಬಹುದು. ವಾಸ್ತವವಾಗಿ, ಕರಾರಿಗೆ ಸಹಿಯಾದ ನಂತರ ಪ್ರಕಟಣೆ ನೀಡಿದರೆ ಪೈಪೋಟಿಯ ಭಯವಿರದು. ಹಕ್ಕುದಾರರಿಗೆ ಸುದ್ದಿಯೂ ಮುಟ್ಟುತ್ತದೆ. ಅಪರಿಚಿತರ ಓಡಾಟ ಬೇಡವೆಂಬ ಒಡೆಯರೂ ಈ ಹಂತದಲ್ಲಿ ಪ್ರಕಟಣೆಗೆ ಒಪ್ಪಲು ಅಡ್ಡಿಯಿರುವುದಿಲ್ಲ. ಆಗಲೂ ಒಪ್ಪದಿದ್ದರೆ ಆ ನಿರಾಕರಣೆಯ ಕಾರಣವನ್ನು ವಿಚಾರಿಸದೆ ಮುಂದುವರಿಯುವುದು ಸೂಕ್ತವಲ್ಲ.

ಕರಾರು ಮತ್ತು ನೋಂದಣಿ

ಬೆಲೆ ಒಪ್ಪಿಗೆಯಾದ ಬಳಿಕ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳಲಾಗುತ್ತದೆ. ಕರಾರಿನಿಂದ ಮನೆಯ ಒಡೆತನ ಬರುವುದಿಲ್ಲ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯವು ನೋಂದಾಯಿತ ಪತ್ರದಿಂದ ಮಾತ್ರ ಪೂರ್ಣಗೊಳ್ಳುತ್ತದೆ. ಕರಾರನ್ನೂ ನೋಂದಾಯಿಸಿದರೆ ಅದು ಋಣಭಾರ ಪತ್ರದಲ್ಲಿ ಕಾಣುವುದರಿಂದ ಅದೇ ಮನೆಗೆ ಮತ್ತೊಬ್ಬರಿಂದ ಮುಂಗಡ ಪಡೆಯುವುದಕ್ಕೆ ತಡೆಯಾಗುತ್ತದೆ. ಗುಟ್ಟಾಗಿ ನಡೆಯುವ ವ್ಯವಹಾರದಲ್ಲಿ ಈ ರಕ್ಷಣೆಯ ಮಹತ್ವ ಹೆಚ್ಚು. ಮುಂಗಡದ ಮೊತ್ತವನ್ನು ಮಿತಿಯಲ್ಲಿಟ್ಟು, ದಾಖಲೆಗಳು ಸರಿಯಿಲ್ಲದಿದ್ದರೆ ಅದನ್ನು ಹಿಂದಿರುಗಿಸಬೇಕೆಂಬ ಷರತ್ತನ್ನು ಬರೆಯಿಸುವುದು ಹಿತಕರ.

ಮಾರುವವರು ಒಪ್ಪಂದದಂತೆ ನಡೆಯದಿದ್ದರೆ ಕರಾರಿನ ನಿರ್ದಿಷ್ಟ ಪಾಲನೆಗಾಗಿ ದಾವೆ ಹೂಡಲು 3 ವರ್ಷಗಳ ಕಾಲಮಿತಿ ಇದೆ. ಅಧಿಕಾರಪತ್ರ (ಜಿ.ಪಿ.ಎ.), ಕರಾರು ಮತ್ತು ಉಯಿಲುಗಳನ್ನಷ್ಟೇ ಪಡೆದು ಮನೆ ಕೊಂಡೆವೆಂದು ತಿಳಿಯುವುದು ತಪ್ಪು. ಅವುಗಳಿಂದ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮನೆಯ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದು ಮಾರುವವರು ಭಾರತದ ನಿವಾಸಿಗಳಾಗಿದ್ದರೆ ಕೊಳ್ಳುವವನು ಶೇ. 1ರಷ್ಟನ್ನು ಕಡಿತಗೊಳಿಸಿ ಸರ್ಕಾರಕ್ಕೆ ಕಟ್ಟಬೇಕು; ಮೇಲಿನ 80 ಲಕ್ಷದ ಉದಾಹರಣೆಯಲ್ಲಿ ಇದು 80,000 ರೂಪಾಯಿ. ಮಾರುವವರು ಅನಿವಾಸಿಗಳಾಗಿದ್ದರೆ ಕಡಿತದ ನಿಯಮವೂ ದರವೂ ಬೇರೆ.

ಸ್ವತ್ತಿನಲ್ಲಿ ಅಥವಾ ಒಡೆತನದಲ್ಲಿ ತಮಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಪ್ರಮುಖ ದೋಷಗಳನ್ನು ಮಾರುವವರು ತಿಳಿಸಬೇಕೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮು ವಿಧಿಸುತ್ತದೆ. ಹಾಗೆಯೇ, ಮಾರುವವರಿಗಿರುವ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿ ಅವರಿಗೇ ತಿಳಿಯದೆ ತನಗೆ ತಿಳಿದಿದ್ದು, ಅದರಿಂದ ಆ ಹಕ್ಕಿನ ಬೆಲೆ ಗಣನೀಯವಾಗಿ ಹೆಚ್ಚುವಂತಿದ್ದರೆ ಕೊಳ್ಳುವವನೂ ಅದನ್ನು ತಿಳಿಸಬೇಕು.

ನಿರ್ಮಾಣ ಹಂತದ ಮನೆಗಳು

ಹೊಸ ವಸತಿ ಸಮುಚ್ಚಯಗಳನ್ನು ಅಧಿಕೃತ ಘೋಷಣೆಗೆ ಮೊದಲು ರಿಯಾಯಿತಿ ದರದಲ್ಲಿ ಮಾರುವ 'ಪ್ರೀ-ಲಾಂಚ್' ಪದ್ಧತಿಯು ಹಳೆಯ ಮನೆಯ ಖಾಸಗಿ ಕ್ರಯಕ್ಕಿಂತ ಭಿನ್ನ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವು (ರೇರಾ) ನೋಂದಣಿಯಾಗದ ಯೋಜನೆಯ ಜಾಹೀರಾತನ್ನಷ್ಟೇ ಅಲ್ಲದೆ, ಮುಂಗಡ ಕಾದಿರಿಸುವಿಕೆ ಮತ್ತು ಮಾರಾಟವನ್ನೂ ನಿಷೇಧಿಸುತ್ತದೆ. 500 ಚದರ ಮೀಟರ್ ಮೀರದ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ನಿಯಮ ಮುರಿದ ನಿರ್ಮಾಪಕರಿಗೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ವಿಧಿಸಬಹುದು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಕೊಳ್ಳುವವರಿಂದ ಪಡೆಯುವಂತಿಲ್ಲ. ಆದ್ದರಿಂದ 'ಆಪ್ತರಿಗಷ್ಟೇ ಮೊದಲ ಅವಕಾಶ' ಎಂಬ ಆಮಂತ್ರಣ ಬಂದಾಗ ಯೋಜನೆಯ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಪರಿಶೀಲಿಸಬೇಕು.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದಲ್ಲಾಳಿಗಳು ತಮ್ಮ ನಡುವೆ ಹಂಚಿಕೊಳ್ಳುವ ಸಾಮೂಹಿಕ ಪಟ್ಟಿಗೆ ಸೇರಿಸದೆ ಖಾಸಗಿಯಾಗಿ ಮಾರುವ ಮನೆಗಳನ್ನು 'ಪಾಕೆಟ್ ಲಿಸ್ಟಿಂಗ್' ಎನ್ನುತ್ತಾರೆ. ಅಲ್ಲಿಯ ದಲ್ಲಾಳಿಗಳ ರಾಷ್ಟ್ರೀಯ ಸಂಘವು 2020ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಮನೆಯೊಂದನ್ನು ಸಾರ್ವಜನಿಕವಾಗಿ ಪ್ರಚಾರ ಮಾಡಿದ ಒಂದು ಕೆಲಸದ ದಿನದೊಳಗೆ ಅದನ್ನು ಸಾಮೂಹಿಕ ಪಟ್ಟಿಗೆ ಸೇರಿಸಬೇಕು. ಒಡೆಯರಿಗೆ ಪ್ರಚಾರವನ್ನು ಮುಂದೂಡಲು ಅನುವಾಗುವ ಆಯ್ಕೆಯೊಂದನ್ನು 2025ರಲ್ಲಿ ಇದರ ಜೊತೆಗೆ ಸೇರಿಸಲಾಯಿತು. ಬ್ರಿಟನ್ನಿನಲ್ಲಿಯೂ ಪ್ರಚಾರವಿಲ್ಲದೆ ನಡೆಯುವ ಮಾರಾಟಗಳು 'ಆಫ್-ಮಾರ್ಕೆಟ್' ಎಂಬ ಹೆಸರಿನಿಂದ ಪರಿಚಿತವಾಗಿವೆ.

ಟೀಕೆಗಳು

ಸುದ್ದಿಯು ಪರಿಚಿತರ ವಲಯದಲ್ಲಿಯೇ ಸುತ್ತುವುದರಿಂದ ಹೊರಗಿನವರಿಗೆ ಅವಕಾಶ ತಪ್ಪುತ್ತದೆಂಬುದು ಈ ಕ್ರಮದ ಮೇಲಿನ ಮುಖ್ಯ ಟೀಕೆ. ಅಮೆರಿಕದಲ್ಲಿ ಈ ಚರ್ಚೆಯು ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸಿದ 1968ರ ಕಾನೂನಿನ ಆಶಯದೊಂದಿಗೆ ಬೆಸೆದುಕೊಂಡಿದೆ. ಭಾರತದಲ್ಲಿ ಪರಿಚಯದ ವಲಯವು ಜಾತಿ, ಮತ, ಬಂಧುತ್ವಗಳ ವಲಯವೂ ಆಗಿರಬಹುದಾದ್ದರಿಂದ ಇದೇ ಆಕ್ಷೇಪ ಇಲ್ಲಿಗೂ ಅನ್ವಯಿಸುತ್ತದೆ. ಮಾರುವವರಿಗೆ ನ್ಯಾಯವಾದ ಬೆಲೆ ದೊರೆಯದಿರಬಹುದೆಂಬುದು ಎರಡನೆಯ ಟೀಕೆ. ವೃದ್ಧರ ಬದುಕಿನ ಒಟ್ಟು ಉಳಿತಾಯವೇ ಒಂದು ಮನೆಯಾಗಿರುವ ಸಂದರ್ಭಗಳಲ್ಲಿ ಈ ನಷ್ಟವನ್ನು ಮತ್ತೆ ತುಂಬಿಕೊಳ್ಳಲು ಅವರಿಗೆ ಕಾಲಾವಕಾಶ ಉಳಿದಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಮನೆಯ ಒಡೆಯನಿಗೆ ತನ್ನ ಖಾಸಗಿತನವನ್ನು ಕಾಪಾಡಿಕೊಳ್ಳುವ ಸ್ವಾತಂತ್ರ್ಯವಿದೆ, ಅವಸರವಿಲ್ಲದ ಮಾತುಕತೆಯು ಎರಡೂ ಕಡೆಯವರಿಗೆ ಅನುಕೂಲಕರ ಎಂಬ ವಾದವೂ ಇದೆ. ಬೆಲೆಯ ಆಧಾರಗಳನ್ನು ಇಬ್ಬರೂ ಮುಂದಿಟ್ಟುಕೊಂಡು ಮಾತನಾಡಿ, ಕ್ರಯದ ಹಣ ಪೂರ್ತಿ ಸಂದಾಯವಾಗುವ ಮೊದಲು ಹಕ್ಕುಳ್ಳವರೆಲ್ಲರಿಗೂ ವಿಷಯ ತಿಳಿಸಿದರೆ, ಜಾಹೀರಾತಿನ ಕೊರತೆಯಿಂದ ಉಂಟಾಗುವ ಅಪಾಯಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ.